ಗೇಟಿನ ಮೇಲಿನ ನೀಲಿ ಚುಕ್ಕೆ

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಸೋಮಲಿಂಗಪ್ಪನವರ ಬಗ್ಗೆ ಬರೆದುಕೊಡಿ ಎಂದು ಕೇಳಿದಾಗ ನಾನು ಮೊದಲು ಆಗುವುದಿಲ್ಲ ಎಂದೆ. ಎಪ್ಪತ್ತು ತುಂಬಿದ ಸದಸ್ಯರ ಬಗ್ಗೆ ಬರೆಸುವುದು ಸಂಘದ ಪದ್ಧತಿ. ಹುಟ್ಟಿದೂರು, ಓದು, ಮಕ್ಕಳು, ಸಮಾಜಸೇವೆ, ಕೊನೆಗೆ ಭಗವಂತ ಆಯುರಾರೋಗ್ಯ ಕೊಡಲಿ. ಆ ಥರ ಬರೆಯುವವರು ಸಂಘದಲ್ಲಿ ಬೇಕಾದಷ್ಟು ಜನ ಇದ್ದಾರೆ, ಬರೆಯಲಿ. ನಾನು ಇಪ್ಪತ್ತೇಳು ವರ್ಷದಿಂದ ಅವರ ಎದುರುಮನೆಯವಳು. ಬರೆದರೆ ನಡೆದದ್ದನ್ನೇ ಬರೆಯಬೇಕಾಗುತ್ತದೆ. ಎರಡು ದಿನ ಯೋಚಿಸಿ ಒಪ್ಪಿಕೊಂಡೆ. ಯಾಕೆ ಒಪ್ಪಿದೆ ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ಸೋಮಲಿಂಗಪ್ಪನವರು ರಾಣೆಬೆನ್ನೂರಿನವರು. ಇಪ್ಪತ್ತೆರಡನೇ ವಯಸ್ಸಿಗೆ ಇಲ್ಲಿಗೆ, ಚೆನ್ನೈಯ ಪುರಸೈವಾಕ್ಕಂನಲ್ಲಿದ್ದ ಸೋದರಮಾವನ ಬಟ್ಟೆ ಅಂಗಡಿಗೆ ಬಂದರು. ಬಟ್ಟೆ ಅಳೆಯುವುದರಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ದೀಪಾವಳಿಗೆ ಅಂಗಡಿಗೆ ಸೀರಿಯಲ್ ಲೈಟು ಹಾಕಲು ಬಂದ ಎಲೆಕ್ಟ್ರಿಷಿಯನ್ ಹಿಂದೆಯೇ ಹೋಗಿ ಕೆಲಸ ಕಲಿತರು. ಮಾವ ಒಂದು ವರ್ಷ ಮಾತು ಬಿಟ್ಟರಂತೆ. ಆಮೇಲೆ ವೇಲಚೇರಿಯಲ್ಲಿ, ಇನ್ನೂ ಅರ್ಧ ಕೆರೆ ಅರ್ಧ ಜೊಂಡು ಇದ್ದ ಕಾಲದಲ್ಲಿ, ಒಂದು ಸೈಟು ಹಿಡಿದು ಮನೆ ಕಟ್ಟಿದರು. ಅಂಗಳದ ಮೂಲೆಯಲ್ಲಿ ಒಂದು ಶೆಡ್ಡು. ಅಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ವೈಂಡಿಂಗ್ ಅನ್ನುತ್ತಾರೆ.

ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಜೇಬಿನಲ್ಲಿ ಟೆಸ್ಟರು. ಮನುಷ್ಯನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿಲ್ಲ. ಅವರ ಪಾಲಿನದನ್ನೂ ಸೇರಿಸಿ ನನಗೇ ಬಂದಿದೆ ಅನ್ನುತ್ತಾಳೆ ನನ್ನ ಮಗಳು ಹರ್ಷಿಣಿ. ಸಂಜೆ ಆರಾದರೆ ಸಾಕು, ಜಗಲಿಯಲ್ಲಿ ಕೂತು ಹೆಂಡತಿ ಬಸವಣ್ಣೆಮ್ಮನಿಗೆ ಪೇಪರು, ವಾರಪತ್ರಿಕೆ, ಸಂಘದ ಸಂಚಿಕೆ ಏನಿದೆಯೋ ಅದನ್ನು ಗಟ್ಟಿಯಾಗಿ ಓದುತ್ತಾರೆ. ಆಕೆ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು, ಈಗ ಕಣ್ಣೂ ಮಂಜು. ಆದರೆ ಬಾಯಿ ಚುರುಕು. ಅವರು ಒಂದು ಸಾಲು ಓದಿದರೆ ಈಕೆ ಎರಡು ಮಾತು ಸೇರಿಸುತ್ತಾರೆ. ಇಡೀ ಬೀದಿಗೆ ಕೇಳಿಸುತ್ತದೆ.

ಇನ್ನು ಚುಕ್ಕೆಯ ವಿಷಯ. ಬೀದಿಗೆ ಕರೆಂಟು ಮೂರು ಫೇಸಿನಲ್ಲಿ ಬರುತ್ತದೆ. ಕೆಂಪು, ಹಳದಿ, ನೀಲಿ ಎಂದು ಅವುಗಳ ಹೆಸರು. ಪ್ರತಿ ಮನೆಯ ಮೀಟರ್ ಪೆಟ್ಟಿಗೆಯಲ್ಲಿ ಒಂದು ಗುಂಡಿ ಇರುತ್ತದೆ, ಯಾವ ಫೇಸ್ ಬೇಕೋ ಅದಕ್ಕೆ ತಿರುಗಿಸಬಹುದು. ವೋಲ್ಟೇಜ್ ಬಿದ್ದರೆ ಚೆನ್ನೈಯಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಗುಂಡಿ ತಿರುಗಿಸುವುದು. ಒಬ್ಬರು ತಿರುಗಿಸಿದ್ದನ್ನು ನೋಡಿ ಇನ್ನೊಬ್ಬರು. ಎಲ್ಲರೂ ಚೆನ್ನಾಗಿರುವ ಫೇಸಿಗೆ ನುಗ್ಗಿದರೆ ಅದೂ ಬೀಳುತ್ತದೆ, ಮೋಟರುಗಳು ಸುಡುತ್ತವೆ. ಸೋಮಲಿಂಗಪ್ಪನವರು ಇದಕ್ಕೆ ಒಂದು ದಾರಿ ಕಂಡುಹಿಡಿದರು. ಆಗ ಬೀದಿಯಲ್ಲಿದ್ದದ್ದು ಮೂವತ್ತಮೂರು ಮನೆ. ಹನ್ನೊಂದಕ್ಕೆ ಕೆಂಪು, ಹನ್ನೊಂದಕ್ಕೆ ಹಳದಿ, ಹನ್ನೊಂದಕ್ಕೆ ನೀಲಿ. ಪೇಂಟಿನ ಡಬ್ಬಿ ಹಿಡಿದು ಬಂದು ಒಂದೊಂದು ಗೇಟಿನ ಮೇಲೂ ರೂಪಾಯಿ ಅಗಲದ ಚುಕ್ಕೆ ಇಟ್ಟರು. ಅವರವರ ಬಣ್ಣ ಅವರವರಿಗೆ, ಏನಾದರೂ ಆದರೆ ಗುಂಡಿ ಮುಟ್ಟಬೇಡಿ, ನನ್ನನ್ನು ಕರೆಯಿರಿ ಎಂದರು. ನನ್ನ ಗೇಟಿಗೆ ಕೆಂಪು ಚುಕ್ಕೆ ಬಂತು.

"ಸುಡಾಕ ಬಿಟ್ಟಿದ್ರ ಇಷ್ಟೊತ್ತಿಗೆ ವೈಂಡಿಂಗ್ ಮಾಡಿ ಮಾಡಿ ಇನ್ನೊಂದು ಮನಿ ಕಟ್ತಿದ್ವಿ. ಈ ಮನಷ್ಯಾ ತನ್ನ ಗಿರಾಕಿನ್ನ ತಾನ ಓಡಿಸ್ತಾನ" ಎಂದು ಬಸವಣ್ಣೆಮ್ಮ ನನ್ನೆದುರಿಗೇ ಗೇಲಿ ಮಾಡುತ್ತಿದ್ದರು. ಸೋಮಲಿಂಗಪ್ಪನವರು ನಗುತ್ತಿದ್ದರು.

ಆಮೇಲೆ ರೈಲು ಬಂತು. ಸ್ಟೇಷನ್ನಿನಿಂದ ನಮ್ಮ ಬೀದಿಗೆ ಆರೇ ನಿಮಿಷದ ನಡಿಗೆ. ಬಿಲ್ಡರುಗಳು ಅದನ್ನೇ ಬೋರ್ಡಿನ ಮೇಲೆ ಬರೆದು ಹಾಕಿದರು. ಸ್ಟೇಷನ್ ಪಕ್ಕ ಅಂದಮೇಲೆ ಹೆಚ್ಚು ಅಂತಸ್ತು ಕಟ್ಟಬಹುದಂತೆ. ಒಂದೊಂದೇ ಮನೆ ಬಿತ್ತು, ಅದರ ಜಾಗದಲ್ಲಿ ಕೆಳಗೆ ಕಾರು, ಮೇಲೆ ಐದು ಅಂತಸ್ತು. ಮೂವತ್ತಮೂರು ಮೀಟರು ಇದ್ದ ಬೀದಿಯಲ್ಲಿ ಈಗ ಇನ್ನೂರ ನಾಲ್ಕು ಇವೆ. ಬೆಡ್‌ರೂಮಿಗೊಂದು ಏಸಿ, ಕಟ್ಟಡಕ್ಕೊಂದು ಲಿಫ್ಟು, ಬೋರಿಗೆ ಮೋಟರು, ಸಂಪ್‌ಗೆ ಮೋಟರು, ಈಗ ಕಾರಿಗೂ ಕರೆಂಟು. ಚರಂಡಿಯ ಪೈಪು ಮಾತ್ರ ಹಳೆಯ ಆರಿಂಚಿನದು, ಮಳೆ ಬಂದರೆ ಬೀದಿಗೇ ಉಕ್ಕುತ್ತದೆ. ಟ್ರಾನ್ಸ್‌ಫಾರ್ಮರ್ರೂ ಹಳೆಯದೊಂದೇ. ಇಷ್ಟೆಲ್ಲಾ ಕಟ್ಟಿ ಮಾರಿದವರು ಯಾರೂ ಇಲ್ಲಿ ವಾಸಕ್ಕಿಲ್ಲ, ಇದ್ದಿದ್ದರೆ ಅವರ ಮೂತಿಗೆ ಆ ಚರಂಡಿ ನೀರು ಎರಚುತ್ತಿದ್ದೆ.

ಸೋಮಲಿಂಗಪ್ಪನವರು ಕಟ್ಟಡ ಎದ್ದ ಹಾಗೆಲ್ಲ ಮೀಟರ್ ಪೆಟ್ಟಿಗೆಗಳ ಮೇಲೆ ಚುಕ್ಕೆ ಇಡುತ್ತಾ ಹೋದರು. ಹೊಸಬರಿಗೆ ಬಾಗಿಲು ತಟ್ಟಿ ವಿವರಿಸಿದರು. ಕರೆಂಟಿನ ತೊಂದರೆ ಬಂದರೆ ನಮ್ಮ ಬೀದಿಯವರು ಯಾರೂ ಇಬಿ ಎನ್ನುವ ವಿದ್ಯುತ್ ಮಂಡಳಿಯ ಆಫೀಸಿಗೆ ಫೋನ್ ಮಾಡುತ್ತಿರಲಿಲ್ಲ, ಅವರಿಗೇ ಮಾಡುತ್ತಿದ್ದರು. ಅವರು ಚಪ್ಪಲಿ ಮೆಟ್ಟಿಕೊಂಡು ಬಂದು ಎರಡು ಮನೆ ಅತ್ತ, ಮೂರು ಮನೆ ಇತ್ತ ಮಾಡಿ ಹೇಗೋ ಸರಿದೂಗಿಸುತ್ತಿದ್ದರು. "ಆಫೀಸಿನವರಿಗ್ಯಾಕ ತ್ರಾಸ ಕೊಡೂದು ಬಿಡ್ರಿ" ಎನ್ನುತ್ತಿದ್ದರು.

ಕಳೆದ ವರ್ಷ ಅವರ ಪಕ್ಕದ ಕಟ್ಟಡದ ಮೂರನೇ ಮಹಡಿಗೆ ರಘು ಎನ್ನುವ ಹುಡುಗ ಬಾಡಿಗೆಗೆ ಬಂದ. ಮಳವಳ್ಳಿ ಕಡೆಯವನು, ಐಟಿ ಕೆಲಸ. ಜೊತೆಗೆ ತಾಯಿ ಚಿಕ್ಕತಾಯಮ್ಮ. ಶ್ವಾಸಕೋಶ ಕೆಟ್ಟು ಆಕೆಗೆ ಹಗಲೂ ರಾತ್ರಿ ಆಕ್ಸಿಜನ್ ಮೆಷಿನ್ ಬೇಕಿತ್ತು. ಮಂಚದ ಪಕ್ಕದಲ್ಲಿ ಅದು ಉಸ್ ಉಸ್ ಅನ್ನುತ್ತಿತ್ತು. ಕನ್ನಡ ಮಾತಾಡಲು ಸಿಕ್ಕಿದರಲ್ಲಾ ಎಂದು ನಾನು, ಬಸವಣ್ಣೆಮ್ಮ ದಿನಾ ಹೋಗಿ ಕೂರುತ್ತಿದ್ದೆವು.

"ಇದೊಂದು ಎಮ್ಮೆ ಕಣವ್ವ" ಎಂದು ಚಿಕ್ಕತಾಯಮ್ಮ ಮೆಷಿನ್ ತೋರಿಸಿ ನಗುತ್ತಿದ್ದರು. "ಹಗ್ಲೂ ರಾತ್ರೆ ಬುಸುಗುಡ್ತದೆ, ಹಾಲು ಮಾತ್ರ ಕೊಡಾಕಿಲ್ಲ. ಆದ್ರೂ ಇದಿರೋಗಂಟ ನಾನು."

ಎಮ್ಮೆಗೆ ಒಳ್ಳೆಯ ವೋಲ್ಟೇಜ್ ಬೇಕು. ನೂರ ಎಪ್ಪತ್ತಕ್ಕಿಂತ ಕೆಳಗಿಳಿದರೆ ಅದು ಕೂಗಿಕೊಂಡು ನಿಂತುಬಿಡುತ್ತಿತ್ತು. ಬ್ಯಾಟರಿ ನಲವತ್ತು ನಿಮಿಷ ಬರುತ್ತಿತ್ತು, ಆಮೇಲೆ ಒಂದು ಚಿಕ್ಕ ಸಿಲಿಂಡರು. ಏಪ್ರಿಲ್ಲಿನಲ್ಲಿ ದಿನಕ್ಕೆ ಎರಡು ಸಲ ಹೀಗಾಗತೊಡಗಿತು. ಸೋಮಲಿಂಗಪ್ಪನವರು ಚುಕ್ಕೆಗಳನ್ನು ಎಷ್ಟು ಹಂಚಿ ಹಾಕಿದರೂ ದೂಗಲಿಲ್ಲ. ಕೊನೆಗೆ ನನ್ನನ್ನೂ ರಘುವನ್ನೂ ಕರೆದುಕೊಂಡು, ಹೊಸ ಟ್ರಾನ್ಸ್‌ಫಾರ್ಮರ್ ಕೇಳಲು ಇಬಿ ಆಫೀಸಿಗೆ ಹೋದರು. ಜಾಗವಿಲ್ಲ ಅನ್ನಬಾರದಲ್ಲಾ, ಅದಕ್ಕೆ ತಮ್ಮ ಅಂಗಳದ ಶೆಡ್ಡಿನ ಜಾಗ ಬಿಟ್ಟುಕೊಡುತ್ತೇನೆ ಎಂದು ಕಾಗದವನ್ನೂ ಬರೆದು ತಂದಿದ್ದರು.

ಇಂಜಿನಿಯರ್ ಒಬ್ಬಳು ಚಿಕ್ಕ ಹುಡುಗಿ, ಮರ್ಯಾದೆಯಿಂದಲೇ ಮಾತಾಡಿದಳು. ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿ, "ನೋಡಿ ಸಾರ್, ನಿಮ್ಮ ಬೀದಿಯಿಂದ ಹನ್ನೊಂದು ವರ್ಷದಲ್ಲಿ ನಾಲ್ಕೇ ಕಂಪ್ಲೇಂಟು" ಎಂದು ತಮಿಳಿನಲ್ಲಿ ಹೇಳಿದಳು. "ಪಕ್ಕದ ಬೀದಿಯಿಂದ ಒಂದೇ ತಿಂಗಳಲ್ಲಿ ತೊಂಬತ್ತು. ಮೊದಲು ಅಲ್ಲಿಗೆ ಕೊಡದೆ ನಿಮಗೆ ಹೇಗೆ ಕೊಡಲಿ?"

ಸೋಮಲಿಂಗಪ್ಪನವರು ಆ ಪರದೆಯನ್ನು ತುಂಬಾ ಹೊತ್ತು ನೋಡಿದರು. ಆಟೋದಲ್ಲಿ ವಾಪಸ್ ಬಂದೆವು. ಗೇಟಿನ ಹತ್ತಿರ ಇಳಿದ ಮೇಲೆ, "ನಂದ ತಪ್ಪು, ಲೀಲಕ್ಕಾರ" ಎಂದರು. "ಹುಣ್ಣು ಮಾಗಲಿಲ್ಲ, ನಾ ಬರೇ ಮ್ಯಾಲೆ ಬಟ್ಟಿ ಸುತ್ತಿಕೊಂತ ಬಂದೆ. ಡಾಕ್ಟರಿಗೆ ತೋರಸಬೇಕಾಗಿತ್ತು."

"ಅಯ್ಯೋ ಬಿಡ್ರೀ, ಉಪಕಾರ ಮಾಡಿದ್ದೂ ತಪ್ಪಾ?" ಎಂದು ನಾನು ರೇಗಿದೆ. ರೇಗಿದ್ದು ಇಬಿಯ ಮೇಲೆ, ಅವರ ಮೇಲಲ್ಲ. ಅವರು ಹೇಳಿದ್ದು ಸರಿಯೇ ಎಂದು ನನಗೂ ಗೊತ್ತಿತ್ತು.

ಮರುದಿನ ಭಾನುವಾರ ಬೀದಿಯವರನ್ನೆಲ್ಲ ಅಂಗಳದಲ್ಲಿ ಸೇರಿಸಿದರು. ಹದಿನೈದು ದಿನ ನಾನು ಯಾವ ಮನೆಗೂ ಬರುವುದಿಲ್ಲ, ಯಾರ ಫೋನೂ ತೆಗೆಯುವುದಿಲ್ಲ ಎಂದರು. ಕೆಂಪು ಬೀಳಲಿ, ಹಳದಿ ಬೀಳಲಿ, ಬಿದ್ದಾಗಲೆಲ್ಲ ಪ್ರತಿ ಮನೆಯವರೂ ಆಫೀಸಿಗೆ ಫೋನ್ ಮಾಡಿ ಕಂಪ್ಲೇಂಟ್ ಬರೆಸಬೇಕು. ಬೀದಿಯ ಕಷ್ಟ ಲೆಕ್ಕಕ್ಕೆ ಸಿಗಬೇಕು. ಆದರೆ ನೀಲಿಯನ್ನು ಮಾತ್ರ ಹಗುರವಾಗಿ ಇಡೋಣ. ಚಿಕ್ಕತಾಯಮ್ಮನದೂ ಸೇರಿ ಇಪ್ಪತ್ತೇ ಮನೆ ನೀಲಿಯಲ್ಲಿ. ಎಷ್ಟೇ ಸೆಖೆಯಾಗಲಿ, ಬೇರೆ ಯಾರೂ ಗುಂಡಿಯನ್ನು ನೀಲಿಗೆ ತಿರುಗಿಸಬಾರದು.

"ಆ ತಾಯಿ ಉಸಿರು ಅದರಾಗೈತಿ" ಎಂದು ಕೈ ಮುಗಿದರು. ಆಮೇಲೆ ಅದನ್ನೇ ತಮಿಳಿನಲ್ಲೂ ಹೇಳಿದರು. ಎಲ್ಲರೂ ತಲೆಯಾಡಿಸಿದೆವು. ನಾನಂತೂ ಎಲ್ಲರಿಗಿಂತ ಜೋರಾಗಿ, "ನಾನು ನೋಡ್ಕೋತೀನಿ, ಯಾವನು ತಿರುಗಿಸ್ತಾನೋ ಬರಲಿ" ಎಂದೆ.

ಆ ಸಂಜೆಯೇ ಅವರು ಚುಕ್ಕೆಗಳಿಗೆ ಹೊಸ ಪೇಂಟು ಹಾಕಿದರು. ತಮ್ಮ ಗೇಟಿನ ನೀಲಿಯನ್ನು ಅಳಿಸಿ ಹಳದಿ ಮಾಡಿಕೊಂಡರು.

ಎಂಟು ದಿನ ನಡೆಯಿತು. ಕೆಂಪು, ಹಳದಿ ಎರಡೂ ದಿನಕ್ಕೆ ನಾಲ್ಕು ಸಲ ಬೀಳುತ್ತಿದ್ದವು. ನಾವು ಫೋನ್ ಮಾಡುತ್ತಿದ್ದೆವು, ಲೈನ್‌ಮನ್‌ಗಳು ಬಂದು ಬೈದುಕೊಂಡು ಫ್ಯೂಸ್ ಹಾಕಿ ಹೋಗುತ್ತಿದ್ದರು. ನೀಲಿ ನಿಂತಿತು. ಎಮ್ಮೆ ಬುಸುಗುಡುತ್ತಲೇ ಇತ್ತು. ಎಂಟನೇ ದಿನ ಮಾತ್ರ ಇಡೀ ಬಡಾವಣೆಯಲ್ಲೇ ಮೂರು ಗಂಟೆ ಕರೆಂಟು ಹೋಗಿ, ಚಿಕ್ಕತಾಯಮ್ಮನ ಸಿಲಿಂಡರು ಖಾಲಿಯಾಯಿತು. ರಘು ಅದನ್ನು ತುಂಬಿಸಲು ಕಳಿಸಿದ.

ಒಂಬತ್ತನೇ ದಿನ. ಇಲ್ಲಿಯವರು ಅಗ್ನಿ ನಕ್ಷತ್ರ ಎನ್ನುವ ಮೇ ತಿಂಗಳ ಉರಿಬಿಸಿಲು, ಮಧ್ಯಾಹ್ನ ಎರಡು ದಾಟಿತ್ತು. ಹರ್ಷಿಣಿ ಆಗ ಬಾಣಂತಿ, ನನ್ನ ಮನೆಯಲ್ಲೇ ಇದ್ದಳು. ಮಗುವಿಗೆ ಇಪ್ಪತ್ತೆರಡು ದಿನ. ಮೈ ತುಂಬ ಬೆವರುಸಾಲೆ ಎದ್ದು, ಅತ್ತು ಅತ್ತು ಅದರ ಧ್ವನಿಯೇ ಕೂತುಹೋಗಿತ್ತು. ಕೆಂಪು ಫೇಸ್ ನೂರ ನಲವತ್ತಕ್ಕೆ ಇಳಿದಿತ್ತು. ಫ್ಯಾನು ತಿರುಗಿಯೂ ತಿರುಗದ ಹಾಗೆ. ಏಸಿಯ ಸ್ಟೆಬಿಲೈಸರ್ ಟಕ್ ಟಕ್ ಅನ್ನುವುದು ಬಿಟ್ಟರೆ ಬೇರೇನೂ ಇಲ್ಲ.

"ಅಮ್ಮಾ, ಬ್ಲೂಗೆ ಹಾಕಮ್ಮಾ. ಹತ್ತೇ ನಿಮಿಷ. ಕೊಳಂದೆ ಮುಖ ನೋಡಮ್ಮಾ" ಎಂದಳು ಹರ್ಷಿಣಿ. ಇಲ್ಲೇ ಓದಿದವಳು, ಅವಸರದಲ್ಲಿ ಮಗುವಿಗೆ ಕೊಳಂದೆ ಎಂದೇ ಬರುತ್ತದೆ.

ನಾನು ಗೇಟಿಗೆ ಹೋದೆ. ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆರೆದು ಗುಂಡಿಯನ್ನು ನೀಲಿಗೆ ತಿರುಗಿಸಿದೆ. ಒಂದು ಮನೆಯಿಂದ ಏನಾಗುತ್ತದೆ, ಮಗು ಮಲಗಿದ ಕೂಡಲೇ ವಾಪಸ್ ತಿರುಗಿಸಿದರಾಯಿತು ಎಂದುಕೊಂಡೆ. ಒಳಗೆ ಬಂದರೆ ಏಸಿ ಓಡುತ್ತಿತ್ತು. ಮಗು ಬಿಕ್ಕಳಿಸುತ್ತಾ ಕಣ್ಣು ಮುಚ್ಚಿತು. ಏನು ಸಮಾಧಾನ ಆಯಿತು ಅಂತೀರಿ, ನಾನೂ ನೆಲದ ಮೇಲೆ ಕೂತು ಗೋಡೆಗೆ ಒರಗಿಬಿಟ್ಟೆ.

ಏಳೆಂಟು ನಿಮಿಷ ಆಗಿರಬೇಕು. ಬೀದಿಯ ಕೊನೆಯಲ್ಲಿ ಢಮ್ ಎಂದಿತು. ಏಸಿ ನಿಂತಿತು. ರಘು ಇದ್ದ ಕಟ್ಟಡದ ವಾಚ್‌ಮನ್ "ಬ್ಲೂ ಪೋಚ್ಚು! ಬ್ಲೂ ಪೋಚ್ಚು ಸಾರ್!" ಎಂದು, ನೀಲಿ ಹೋಯಿತೆಂದು ಕೂಗಿಕೊಂಡ. ಆಗ ನನಗೆ ಎಮ್ಮೆ ನೆನಪಾಯಿತು.

ನಾನು ಹೊರಗೆ ಓಡಿದಾಗ ಸೋಮಲಿಂಗಪ್ಪನವರು ಬರಿಗಾಲಲ್ಲಿ ಮೆಟ್ಟಿಲು ಹತ್ತುತ್ತಿದ್ದರು. ಲಿಫ್ಟು ನಿಂತುಹೋಗಿತ್ತು. ಮೂರನೇ ಮಹಡಿಯಲ್ಲಿ ಚಿಕ್ಕತಾಯಮ್ಮ ಮಂಚದ ಅಂಚು ಹಿಡಿದು ಕೂತಿದ್ದರು, ಮನೆಗೆಲಸದ ಅಕ್ಕು ರಟ್ಟು ಹಿಡಿದು ಗಾಳಿ ಹಾಕುತ್ತಿದ್ದಳು. ಮೆಷಿನ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ತುಂಬಿಸಲು ಕಳಿಸಿದ್ದ ಸಿಲಿಂಡರು ಇನ್ನೂ ಬಂದಿರಲಿಲ್ಲ. ಸೋಮಲಿಂಗಪ್ಪನವರು ಆಂಬ್ಯುಲೆನ್ಸಿಗೆ ಫೋನ್ ಮಾಡಿದರು, ಇಬಿಗೆ ಮಾಡಿದರು, ರಘುವಿಗೆ ಮಾಡಿದರು. ಗುಂಡಿಯನ್ನು ಕೆಂಪಿಗೆ ಹಾಕಿ ನೋಡಿದರು, ಹಳದಿಗೆ ಹಾಕಿ ನೋಡಿದರು. ಎರಡರಲ್ಲೂ ಮೆಷಿನ್ ಕೂಗಿ ನಿಂತಿತು. ಆಂಬ್ಯುಲೆನ್ಸು ಬೀದಿಯ ಬಾಯಿಗೆ ಬಂದು, ಹೊಸ ಕಟ್ಟಡಕ್ಕೆ ಕಾಂಕ್ರೀಟು ಸುರಿಯುತ್ತಿದ್ದ ಲಾರಿಯ ಹಿಂದೆ ಸಿಕ್ಕಿಕೊಂಡಿತು. ಬ್ಯಾಟರಿಯ ಕೆಂಪು ದೀಪ ಮಿನುಗತೊಡಗಿತು.

"ಇಳಿಸೋಣು" ಎಂದರು ಸೋಮಲಿಂಗಪ್ಪನವರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಆಕೆಯನ್ನು ಕೂರಿಸಿ ಮುಂದೆ ಅವರು, ಹಿಂದೆ ವಾಚ್‌ಮನ್ ಹಿಡಿದು ಮೆಟ್ಟಿಲಿಳಿದರು. ಎಪ್ಪತ್ತರ ಮನುಷ್ಯ. ನಾನು ಪಕ್ಕದಲ್ಲಿ ಆಕೆಯ ಕೈ ಹಿಡಿದಿದ್ದೆ. ಬೆರಳುಗಳು ನೀಲಿಗಟ್ಟುತ್ತಿದ್ದವು. ಎರಡನೇ ಮಹಡಿಯ ತಿರುವಿನಲ್ಲಿ ಆಕೆ ನನ್ನ ಕಡೆ ತಿರುಗಿ, ಒಂದೊಂದೇ ಮಾತು ಎಳೆದು, "ಎಮ್ಮೆ ಸತ್ತೋಯ್ತಾ ಕಣವ್ವ?" ಎಂದರು. ನಾನು ಇಲ್ಲ ಇಲ್ಲ ಎಂದೆ.

ಬೀದಿಯ ಬಾಯಿಯವರೆಗೂ ಕುರ್ಚಿಯನ್ನು ಹೊತ್ತೇ ಹೋದರು. ಆಂಬ್ಯುಲೆನ್ಸಿನಲ್ಲಿ ಆಕ್ಸಿಜನ್ ಹಾಕುವ ಹೊತ್ತಿಗೆ ಆಕೆ ಮೆಷಿನ್ ಬಿಟ್ಟು ಹನ್ನೆರಡು ನಿಮಿಷ ಆಗಿತ್ತು. ಚಿಕ್ಕತಾಯಮ್ಮ ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆವತ್ತು ಆಂಬ್ಯುಲೆನ್ಸು ಹೋದ ಮೇಲೆ ನಡೆದದ್ದನ್ನೂ ಹೇಳಬೇಕು. ನಾನು ಮನೆಗೆ ಬಂದು ಕಿಟಕಿಯಲ್ಲಿ ನಿಂತಿದ್ದೆ. ಸೋಮಲಿಂಗಪ್ಪನವರು ಬೀದಿಯ ಆ ತುದಿಯಿಂದ ಒಂದೊಂದೇ ಮೀಟರ್ ಪೆಟ್ಟಿಗೆ ತೆರೆದು ನೋಡುತ್ತಾ ಬಂದರು. ನನ್ನ ಗೇಟಿಗೂ ಬಂದರು. ಮುಚ್ಚಳ ತೆರೆದರು. ನನ್ನ ಗುಂಡಿ ಇನ್ನೂ ನೀಲಿಯಲ್ಲೇ ಇತ್ತು. ಒಂದು ಕ್ಷಣ ನೋಡಿ ಮುಚ್ಚಳ ಹಾಕಿದರು, ಕಿಟಕಿಯ ಕಡೆ ತಲೆಯೆತ್ತಲಿಲ್ಲ. ಮುಂದಿನ ಮನೆಗೆ ಹೋದರು.

ಮಣ್ಣು ಮಾಡಿ ಬಂದ ರಘು ಮನೆ ಖಾಲಿ ಮಾಡುವಾಗ ಅವರ ಕಾಲು ಮುಟ್ಟಿದ. "ನಮ್ಮವ್ವನ ಬಗ್ಗೆ ಯೋಚ್ನೆ ಮಾಡಿದ್ದು ನೀವೊಬ್ರೇ ಅಂಕಲ್" ಎಂದ. ನಾನು ಅಲ್ಲೇ ಇದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೋಮಲಿಂಗಪ್ಪನವರು ಅವನ ಭುಜ ಹಿಡಿದು, "ನಾ ಹೂಡಿದ ಆಟ ಇದು, ತಮ್ಮಾ. ನಂದ ತಪ್ಪು" ಎಂದಷ್ಟೇ ಅಂದರು.

ಜೀವ ಹೋಯಿತು ಎಂದಮೇಲೆ ಎಲ್ಲ ಬೇಗ ಆಯಿತು. ಆ ಇಂಜಿನಿಯರ್ ಹುಡುಗಿ ತಾನೇ ಬಂದಳು. ಒಂಬತ್ತು ದಿನದಲ್ಲಿ ನಾವು ಬರೆಸಿದ ಕಂಪ್ಲೇಂಟು ಆರುನೂರ ಹದಿನೆಂಟು. ಏಳು ವಾರಕ್ಕೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು, ಸೋಮಲಿಂಗಪ್ಪನವರ ಶೆಡ್ಡು ಇದ್ದ ಜಾಗದಲ್ಲೇ. ಈಗ ನಮ್ಮ ಬೀದಿಯಲ್ಲಿ ಮೂರೂ ಫೇಸು ಇನ್ನೂರ ಮೂವತ್ತು ವೋಲ್ಟು. ಅದನ್ನೇ ನೋಡಿ ಇನ್ನೆರಡು ಕಟ್ಟಡಕ್ಕೆ ಪಾಯ ತೆಗೆದಿದ್ದಾರೆ.

ಟ್ರಾನ್ಸ್‌ಫಾರ್ಮರ್‌ಗೆ ಕರೆಂಟು ಕೊಟ್ಟ ಮರುದಿನ ಬೆಳಿಗ್ಗೆ ಅವರು ಥಿನ್ನರ್ ಬಾಟಲಿ, ಹಳೆ ಬನಿಯನ್ ಬಟ್ಟೆ ಹಿಡಿದು ಚುಕ್ಕೆ ಒರೆಸುತ್ತಾ ಬಂದರು. ನನ್ನ ಗೇಟಿನ ಕೆಂಪು ಚುಕ್ಕೆಗೆ ಬಟ್ಟೆ ಇಟ್ಟಾಗ ನಾನು ಹೊರಗೆ ಹೋದೆ. ಎರಡು ತಿಂಗಳಿಂದ ಹೇಳಬೇಕೆಂದಿದ್ದದ್ದನ್ನು ಹೇಳಿಯೇ ಬಿಟ್ಟೆ.

"ಆವತ್ತು ನೀಲಿಗೆ ತಿರುಗಿಸಿದ್ದು ನಾನು. ನೀವು ನೋಡಿದ್ರಿ. ಯಾಕ್ರೀ ಬೈಲಿಲ್ಲ ನನ್ನ? ನಾಲ್ಕು ಜನರ ಎದುರು ಉಗೀಬೇಕಾಗಿತ್ತು ನೀವು" ಎಂದೆ. ಅಳು ಬಂತು, ಅದರ ಜೊತೆ ಸಿಟ್ಟೂ ಬಂತು.

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. "ತೊಂಬತ್ತಾರು ಗುಂಡಿ ನೀಲಿಗಿದ್ವು, ಲೀಲಕ್ಕಾರ. ಯಾರಿಗಂತ ಬೈಲಿ?" ಎಂದರು. ಆಮೇಲೆ ದನಿ ಇಳಿಸಿ, "ನಮ್ಮನಿದೂ ಅದರಾಗಿತ್ತು" ಎಂದರು. "ಟಾಕ್ಯಾಗ ನೀರಿರಲಿಲ್ಲ. ಮೋಟರ್ ಹಾಕಾಕ ನಮ್ಮಾಕಿ ತಿರಿವ್ಯಾಳ. ನಾ ನೋಡೀನಿ ಅಂತ ಆಕಿಗೆ ಗೊತ್ತಿಲ್ಲ. ನೀವು ಹೇಳಬ್ಯಾಡ್ರಿ, ಆಕಿ ತಡ್ಕೊಳ್ಳೂದಿಲ್ಲ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಅದಾಗಿ ವಾರವಿಲ್ಲ, ಬಸವಣ್ಣೆಮ್ಮ ನನ್ನ ಅಡುಗೆಮನೆಗೆ ಬಂದು ಕೂತರು. ಕೈಯಲ್ಲಿ ಸೆರಗಿನ ತುದಿ ಸುತ್ತುತ್ತಾ, "ಲೀಲಕ್ಕಾ, ನನ್ನಿಂದ ಒಂದು ದೊಡ್ಡ ಪಾಪ ಆಗೈತ್ರಿ" ಎಂದರು. ಏನೆಂದು ನನಗೆ ಗೊತ್ತಿತ್ತು, ಆದರೂ ಹೇಳಲು ಬಿಟ್ಟೆ. ಎಲ್ಲ ಹೇಳಿ, "ಇವರ ಮುಂದ ಬಾಯಿ ಬಿಡಬ್ಯಾಡ್ರಿ. ಮೊದಲ ತನ್ನ ತಪ್ಪು ತನ್ನ ತಪ್ಪು ಅಂತ ಕೊರಗಾಕತ್ಯಾರ. ತಿಳದ್ರ ಎದಿ ಒಡಕೊಂತಾರ" ಎಂದು ಕೈ ಹಿಡಿದುಕೊಂಡರು. ಅವರಿಗೂ ಮಾತು ಕೊಟ್ಟೆ.

ಜಗಲಿಯ ಓದು ಎರಡು ತಿಂಗಳು ನಿಂತಿತ್ತು. ಈಗ ಮತ್ತೆ ಶುರುವಾಗಿದೆ. ಸೋಮಲಿಂಗಪ್ಪನವರು ಗಟ್ಟಿಯಾಗಿ ಓದುತ್ತಾರೆ, ಬಸವಣ್ಣೆಮ್ಮ ಸುಮ್ಮನೆ ಕೇಳುತ್ತಾರೆ. ಮಧ್ಯೆ ಒಂದು ಮಾತೂ ಸೇರಿಸುವುದಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದ ಇಬ್ಬರು ಒಂದೇ ಸಂಗತಿಯನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಕೂತಿರುವುದನ್ನು ದಿನಾ ಕಿಟಕಿಯಿಂದ ನೋಡುವವಳು ನಾನು. ನನ್ನಿಂದ ಆಗುತ್ತಿಲ್ಲ.

ಹಿಂದೊಮ್ಮೆ ಇವರ ಅಂಗಳದಲ್ಲಿ ಕೊಟ್ಟ ಮಾತನ್ನು ನಾನು ಮುರಿದೆ. ಈಗ ಇನ್ನೆರಡನ್ನು ಮುರಿದಿದ್ದೇನೆ, ಬೇಕೆಂದೇ. ಬರೆಯಲು ಒಪ್ಪಿದ್ದೂ ಇದಕ್ಕೇ. ಸಂಘದ ಸಂಚಿಕೆ ಅವರ ಮನೆಗೆ ಬರುತ್ತದೆ. ತಮ್ಮ ಬಗ್ಗೆಯೇ ಬಂದಿದೆ ಎಂದು ಬಸವಣ್ಣೆಮ್ಮನನ್ನು ಜಗಲಿಗೆ ಕರೆದು, ಕನ್ನಡಕ ಹಾಕಿಕೊಂಡು, ಮೊದಲಿಂದ ಓದುತ್ತಾರೆ. ಗುಂಡಿಯ ಮಾತು ಬಂದಲ್ಲಿ ಅವರ ದನಿ ನಿಲ್ಲುತ್ತದೆ.

ನಿಲ್ಲಿಸಬೇಡಿ, ಸೋಮಲಿಂಗಪ್ಪನವರೇ. ಆಕೆ ಪಕ್ಕದಲ್ಲೇ ಇದ್ದಾರೆ, ಓದಿ.